ಉಪ್ಲಿ ಬುರುಜು (ಹೈದರ್ ಬುರುಜು), ವಿಜಯಪುರ

ಪೀಠಿಕೆ

ವಿಜಯಪುರ ನಗರದ ವಾಯವ್ಯ ಭಾಗದಲ್ಲಿ, ಕೋಟೆಗೋಡೆಯ ಒಳಗೆ, ಒಂಟಿಯಾಗಿ ನಿಂತಿರುವ ಸುಮಾರು 80 ಅಡಿ (24 ಮೀ.) ಎತ್ತರದ ಕಲ್ಲಿನ ಗೋಪುರವೇ ಉಪ್ಲಿ ಬುರುಜು. ಆದಿಲ್‌ಶಾಹಿ ಅರಸರ ಕಾಲದಲ್ಲಿ, 1583-84 ರ ಸುಮಾರಿಗೆ, ಹೈದರ್ ಖಾನ್ ಎಂಬ ಸೇನಾನಿಯು ಇದನ್ನು ಕಟ್ಟಿಸಿದನು. ಗೋಲಗುಮ್ಮಟ ಮತ್ತು ಇಬ್ರಾಹಿಂ ರೋಜಾಗಳನ್ನು ನೋಡಲು ಬರುವ ಪ್ರವಾಸಿಗರಲ್ಲಿ ಹಲವರು ಈ ಸ್ಮಾರಕವನ್ನು ದೂರದಿಂದಲೇ ನೋಡಿ ಮುಂದೆ ಸಾಗುತ್ತಾರೆ. ಆದರೆ ದಖ್ಖನಿನ ಬಯಲು ಸೀಮೆಯಲ್ಲಿ ಫಿರಂಗಿ ಯುದ್ಧದ ಕಾಲದ ರಕ್ಷಣಾ ವಾಸ್ತುವನ್ನು ಅರಿಯಲು ಇಷ್ಟು ಸರಳವಾದ, ಇಷ್ಟು ಸ್ಪಷ್ಟವಾದ ಉದಾಹರಣೆಗಳು ವಿರಳ. ಅರಮನೆ, ಮಸೀದಿ, ಸಮಾಧಿಗಳಂತೆ ಇದು ಅಲಂಕಾರಕ್ಕಾಗಿ ಕಟ್ಟಿದ ಕಟ್ಟಡವಲ್ಲ. ಇದರ ಪ್ರತಿಯೊಂದು ಅಂಗಕ್ಕೂ ಒಂದು ಕೆಲಸವಿದೆ. ಸಾರ್ವಜನಿಕರ ಹಾಗೂ ವಿದ್ಯಾರ್ಥಿಗಳ ಮಾಹಿತಿಗಾಗಿ ಈ ಸ್ಮಾರಕದ ಇತಿಹಾಸ ಮತ್ತು ರಚನೆಯ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಹೆಸರಿನ ಹಿನ್ನೆಲೆ

'ಬುರುಜು' ಎಂಬುದು ಅರಬ್ಬಿ ಮೂಲದಿಂದ ಕನ್ನಡಕ್ಕೆ ಬಂದು ನೆಲೆಗೊಂಡ ಪದ. ಕನ್ನಡದಲ್ಲಿ ಕೋಟೆಯ ಇಂತಹ ಭಾಗಕ್ಕೆ 'ಕೊತ್ತಳ' ಎಂಬ ಪದವೂ ಬಳಕೆಯಲ್ಲಿದೆ. 'ಉಪ್ಲಿ' ಅಥವಾ 'ಉಪರಿ' ಎಂದರೆ ಮೇಲಿನದು, ಎತ್ತರದಲ್ಲಿರುವುದು ಎಂದರ್ಥ. ಕನ್ನಡದ 'ಉಪ್ಪರಿಗೆ' ಎಂಬ ಪದದಲ್ಲಿಯೂ ಇದೇ ಅರ್ಥವಿದೆ. ಸುತ್ತಲಿನ ಎಲ್ಲ ಬುರುಜುಗಳಿಗಿಂತ ಎತ್ತರವಾಗಿರುವುದರಿಂದ ಜನರು ಇದನ್ನು ಉಪ್ಲಿ ಬುರುಜು ಎಂದು ಕರೆದರು. ಕಟ್ಟಿಸಿದವನ ಹೆಸರಿನಿಂದ ಇದಕ್ಕೆ ಹೈದರ್ ಬುರುಜು ಎಂಬ ಹೆಸರೂ ಇದೆ.

ಇಲ್ಲಿ ಉಲ್ಲೇಖಿಸಿರುವ ಹೈದರ್ ಖಾನ್ ಆದಿಲ್‌ಶಾಹಿ ಸೇನಾನಿಯೇ ಹೊರತು, ಸುಮಾರು 200 ವರ್ಷಗಳ ನಂತರ ಮೈಸೂರನ್ನು ಆಳಿದ ಹೈದರ್ ಅಲಿಯಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಸ್ಥಳ

ಬುರುಜು ದಖ್ಖನಿ ಈದ್ಗಾದ ದಕ್ಷಿಣಕ್ಕಿದೆ. ಪ್ರಸಿದ್ಧ ಮಲಿಕ್-ಎ-ಮೈದಾನ್ ತೋಪು ಇರುವ ಶೇರ್ಜಾ ಬುರುಜು ಇದೇ ಭಾಗದಲ್ಲಿ, ಪಶ್ಚಿಮದ ಕೋಟೆಗೋಡೆಯ ಮೇಲಿದ್ದು, ಇಲ್ಲಿಂದ ಕಾಲ್ನಡಿಗೆಯಲ್ಲಿ ತಲುಪಬಹುದಾದ ಅಂತರದಲ್ಲಿದೆ. ಈ ಎರಡನ್ನೂ ಒಂದೇ ಭೇಟಿಯಲ್ಲಿ ನೋಡುವುದು ಸೂಕ್ತ. ಏಕೆಂದರೆ ಒಂದನ್ನು ನೋಡಿದ ಮೇಲೆಯೇ ಇನ್ನೊಂದರ ವೈಶಿಷ್ಟ್ಯ ಚೆನ್ನಾಗಿ ಮನದಟ್ಟಾಗುತ್ತದೆ.

ಐತಿಹಾಸಿಕ ಹಿನ್ನೆಲೆ

15 ನೆಯ ಶತಮಾನದ ಕೊನೆಯಲ್ಲಿ ಬಹಮನಿ ರಾಜ್ಯವು ಒಡೆದಾಗ ಯೂಸುಫ್ ಆದಿಲ್ ಖಾನನು ವಿಜಯಪುರದಲ್ಲಿ ಸ್ವತಂತ್ರ ಅಧಿಕಾರವನ್ನು ಸ್ಥಾಪಿಸಿದನು. ಆರಂಭದಲ್ಲಿ ರಾಜಧಾನಿಯ ರಕ್ಷಣೆಗೆ ಅರಕಿಲ್ಲಾ ಎಂಬ ಒಳಕೋಟೆಯೇ ಮುಖ್ಯ ಆಸರೆಯಾಗಿತ್ತು. ನಗರವು ಬೆಳೆದಂತೆ ಒಳಕೋಟೆಯ ಹೊರಗಿನ ಪೇಟೆಗಳಿಗೂ ರಕ್ಷಣೆ ಅಗತ್ಯವಾಯಿತು. 1565 ರ ಜನವರಿಯಲ್ಲಿ ನಡೆದ ತಾಳಿಕೋಟೆ ಯುದ್ಧದ ಕಾಲಕ್ಕೆ ಒಂದನೆಯ ಅಲಿ ಆದಿಲ್ ಷಾ ಪಟ್ಟದಲ್ಲಿದ್ದನು. ನಗರವನ್ನು ಸುತ್ತುವರಿದ ಸುಮಾರು 10 ಕಿ.ಮೀ. ಉದ್ದದ ಹೊರಕೋಟೆಯು ಅವನ ಕಾಲದ ನಿರ್ಮಾಣ. ಎರಡು ಕಲ್ಲಿನ ಗೋಡೆಗಳನ್ನು ಎಬ್ಬಿಸಿ, ಅವುಗಳ ನಡುವೆ ಮಣ್ಣು ತುಂಬಿ ಗಟ್ಟಿಮಾಡಿ ಈ ಕೋಟೆಯನ್ನು ಕಟ್ಟಲಾಯಿತು. ಹೊರಗೆ ಅಗಲವಾದ ಕಂದಕ, 96 ಬುರುಜುಗಳು ಮತ್ತು 5 ಮುಖ್ಯ ದ್ವಾರಗಳು ಇದರ ಅಂಗಗಳಾಗಿದ್ದವು.

ಈ ಕೋಟೆಯ ಭಾಗಗಳನ್ನು ಕಟ್ಟಿಸುವ ಹೊಣೆಯನ್ನು ಸುಲ್ತಾನನು ಒಬ್ಬೊಬ್ಬ ಸರದಾರನಿಗೆ ಹಂಚಿಕೊಟ್ಟನೆಂದು ಹೇಳಲಾಗುತ್ತದೆ. ಗೋಡೆಯ ಉದ್ದಕ್ಕೂ ಕಟ್ಟಡದ ರೀತಿ ಮತ್ತು ಬುರುಜುಗಳ ಆಕಾರ ಒಂದೇ ತೆರನಾಗಿಲ್ಲದಿರುವುದು ಈ ಮಾತಿಗೆ ಹೊಂದುತ್ತದೆ. ಉಪ್ಲಿ ಬುರುಜಿನ ಬಗ್ಗೆ ಸ್ಥಳೀಯವಾಗಿ ಪ್ರಚಲಿತವಿರುವ ಐತಿಹ್ಯವೂ ಇದಕ್ಕೆ ಸಂಬಂಧಿಸಿದುದಾಗಿದೆ. ಕೋಟೆ ಕಟ್ಟುವ ಕಾಲದಲ್ಲಿ ಹೈದರ್ ಖಾನನು ಊರಿನಲ್ಲಿ ಇರಲಿಲ್ಲವಂತೆ. ಮರಳಿ ಬಂದಾಗ, ಎಲ್ಲ ಸರದಾರರ ಹೆಸರಿನಲ್ಲಿಯೂ ಕೋಟೆಯ ಒಂದು ಭಾಗವಿದ್ದು ತನಗೆ ಮಾತ್ರ ಪಾಲು ಇಲ್ಲದುದನ್ನು ಕಂಡು ನೊಂದುಕೊಂಡನಂತೆ. ಆಗ ಎಲ್ಲ ಬುರುಜುಗಳನ್ನೂ ಮೀರಿಸುವ ಒಂದು ಬುರುಜನ್ನು ಕಟ್ಟಿಸಲು ಅವನಿಗೆ ಅಪ್ಪಣೆಯಾಯಿತೆಂದು ಐತಿಹ್ಯ ತಿಳಿಸುತ್ತದೆ. ಇದು ಜನರ ಬಾಯಿಂದ ಬಂದ ಕಥೆ. ಶಾಸನದಿಂದ ದೃಢಪಡುವುದು ಹೈದರ್ ಖಾನನೇ ಇದನ್ನು ಕಟ್ಟಿಸಿದನು ಎಂಬ ಸಂಗತಿ.

ಬುರುಜನ್ನು ಕಟ್ಟಿದ ಕಾಲದ ರಾಜಕೀಯ ಪರಿಸ್ಥಿತಿಯನ್ನು ಗಮನಿಸಿದರೆ ಇದರ ಅಗತ್ಯವು ಇನ್ನಷ್ಟು ಸ್ಪಷ್ಟವಾಗುತ್ತದೆ. 1580 ರಲ್ಲಿ ಒಂದನೆಯ ಅಲಿ ಆದಿಲ್ ಷಾ ಕೊಲೆಗೀಡಾದನು. ಸುಮಾರು 9 ವರ್ಷದ ಬಾಲಕ ಎರಡನೆಯ ಇಬ್ರಾಹಿಂ ಆದಿಲ್ ಷಾ ಪಟ್ಟಕ್ಕೆ ಬಂದನು. ಅಲಿಯ ಪತ್ನಿ ಚಾಂದ್ ಬೀಬಿಯು ಬಾಲ ಸುಲ್ತಾನನ ಹಿತವನ್ನು ಕಾಯುತ್ತಿದ್ದರೂ, ಆಡಳಿತದ ಹಿಡಿತಕ್ಕಾಗಿ ಸರದಾರರಲ್ಲಿ ಒಬ್ಬರ ಮೇಲೊಬ್ಬರ ಕಲಹ ನಡೆಯಿತು. ಈ ದುರ್ಬಲ ಸ್ಥಿತಿಯನ್ನು ಕಂಡು ಅಹಮದ್‌ನಗರ ಮತ್ತು ಗೋಲ್ಕೊಂಡದ ಸೈನ್ಯಗಳು ವಿಜಯಪುರಕ್ಕೆ ಮುತ್ತಿಗೆ ಹಾಕಿದವು. ನಗರವು ಉಳಿಯಿತಾದರೂ ಶತ್ರುಸೈನ್ಯ ಗೋಡೆಯ ಬುಡದವರೆಗೂ ಬರಬಲ್ಲದು ಎಂಬುದು ಸಿದ್ಧವಾಗಿತ್ತು. ಇದಾದ ಕೆಲವೇ ವರ್ಷಗಳಲ್ಲಿ ಉಪ್ಲಿ ಬುರುಜು ತಲೆಯೆತ್ತಿತು.

ಬಯಲಿನಲ್ಲಿ ಎತ್ತರದ ಅಗತ್ಯ

ಚಿತ್ರದುರ್ಗ, ಬಳ್ಳಾರಿ, ರಾಯಚೂರು, ಯಾದಗಿರಿ ಮುಂತಾದ ಕಡೆ ಕೋಟೆಗೆ ಬೆಟ್ಟದ ಆಸರೆಯಿದೆ. ಅಲ್ಲಿ ಬೆಟ್ಟದ ನೆತ್ತಿಯೇ ಕಾವಲುಗಾರನಿಗೂ ತೋಪಿಗೂ ಎತ್ತರವನ್ನು ಒದಗಿಸುತ್ತದೆ. ವಿಜಯಪುರಕ್ಕೆ ಅಂತಹ ಬೆಟ್ಟವಿಲ್ಲ. ಸುತ್ತಲೂ ಮರಗಳು ವಿರಳವಾದ, ಅಲೆಯಲೆಯಾಗಿ ಹರಡಿದ ಬಯಲು. ಈ ಬಯಲಿನಲ್ಲಿ ಕೋಟೆಗೋಡೆಯ ಮೇಲಿನ ಸಾಧಾರಣ ಬುರುಜಿನಿಂದ ದೂರದ ದಿಣ್ಣೆಯ ಹಿಂದೆ ಬೀಡುಬಿಟ್ಟ ಸೈನ್ಯವನ್ನು ಕಾಣುವುದು ಕಷ್ಟ. ಹೀಗಾಗಿ ಪ್ರಕೃತಿ ಕೊಡದ ಎತ್ತರವನ್ನು ಕಲ್ಲಿನಿಂದ ಕಟ್ಟಬೇಕಾಯಿತು.

ಗೋಪುರವನ್ನು ಗೋಡೆಯ ಮೇಲೆ ಕಟ್ಟದೆ ಅದರ ಒಳಗೆ ಪ್ರತ್ಯೇಕವಾಗಿ ಕಟ್ಟಿರುವುದಕ್ಕೂ ಪ್ರಯೋಜನಗಳಿವೆ. ಗೋಡೆಯ ಮೇಲಿನ ಬುರುಜಿಗೆ ಶತ್ರುಗಳ ತೋಪಿನ ಏಟು ಮೊದಲು ತಗಲುತ್ತದೆ. ಕಂದಕವನ್ನು ದಾಟಿ ಬುಡದಲ್ಲಿ ಸುರಂಗ ತೋಡಿ ಮದ್ದು ಸಿಡಿಸುವ ಅಪಾಯವೂ ಅಲ್ಲಿ ಹೆಚ್ಚು. ಒಳಗಿನ ಗೋಪುರಕ್ಕೆ ಕಂದಕ ಮತ್ತು ಕೋಟೆಗೋಡೆ ಎರಡೂ ರಕ್ಷೆಯಾಗುತ್ತವೆ. ಅದರ ಎತ್ತರದಿಂದಾಗಿ ತಮ್ಮದೇ ಗೋಡೆಯ ಮೇಲಿರುವ ಸೈನಿಕರ ತಲೆಯ ಮೇಲಿಂದ ಗುಂಡು ಹಾರಿಸಲು ಅವಕಾಶವಾಗುತ್ತದೆ. ಒಂದು ವೇಳೆ ಶತ್ರುಗಳು ಗೋಡೆಯನ್ನು ಏರಿದರೂ ಅವರು ಮೇಲಿನವರ ಕಣ್ಣಿಗೆ ಬಯಲಾಗಿಯೇ ಇರುತ್ತಾರೆ.

ವಾಸ್ತು ವಿನ್ಯಾಸ

ವಿಜಯಪುರದ ಇತರ ಸ್ಮಾರಕಗಳಂತೆ ಈ ಬುರುಜನ್ನೂ ಸ್ಥಳೀಯ ಕಪ್ಪು ಕಲ್ಲಿನಿಂದ ಕಟ್ಟಲಾಗಿದೆ. ಇದರ ಮೈ ದುಂಡಾಗಿದೆ. ದುಂಡು ಆಕಾರದಲ್ಲಿ ಮೂಲೆಗಳಿರುವುದಿಲ್ಲ. ತೋಪಿನ ಏಟಿಗೆ ಮೊದಲು ಒಡೆಯುವುದು ಮೂಲೆಯ ಕಲ್ಲುಗಳೇ ಆದುದರಿಂದ ಈ ಕಾಲದ ಬುರುಜುಗಳಲ್ಲಿ ದುಂಡು ಮೈಗೆ ಪ್ರಾಶಸ್ತ್ಯ ದೊರೆತಿತ್ತು. ಮೇಲಿನಿಂದ ನೋಡುವವನಿಗೆ ಕಣ್ಣಿಗೆ ಬೀಳದ ಮರೆಯೂ ಇದರಲ್ಲಿ ಕಡಿಮೆ.

ಈ ಕಟ್ಟಡದ ಅತಿ ಮುಖ್ಯ ಲಕ್ಷಣವೆಂದರೆ ಅದರ ಮೆಟ್ಟಿಲು. ಕಲ್ಲಿನ ಮೆಟ್ಟಿಲುಗಳು ಗೋಪುರದ ಒಳಗಿಲ್ಲ. ಹೊರಮೈಯನ್ನು ಸುತ್ತಿಕೊಂಡು ನೆಲದಿಂದ ಮೇಲಿನವರೆಗೆ ಏರುತ್ತವೆ. ಇದರಿಂದ ಗೋಪುರದ ಒಡಲಲ್ಲಿ ಮೆಟ್ಟಿಲಿಗಾಗಿ ಟೊಳ್ಳು ಬಿಡುವ ಅಗತ್ಯ ಬೀಳಲಿಲ್ಲ. ಮೇಲಿರುವ ಭಾರಿ ತೋಪುಗಳ ಭಾರವನ್ನು ಹೊರಲು, ಗುಂಡು ಹಾರಿಸಿದಾಗ ಉಂಟಾಗುವ ಹಿಮ್ಮುಖ ಹೊಡೆತವನ್ನು ತಾಳಿಕೊಳ್ಳಲು ಇಂತಹ ಗಟ್ಟಿ ಒಡಲು ಅನುಕೂಲ. ಅಲ್ಲದೆ ಬಲವಂತವಾಗಿ ಏರಿಬರುವವರು ದಾರಿಯುದ್ದಕ್ಕೂ ಮೇಲಿನವರ ಕೈಗೆ ಸಿಕ್ಕುತ್ತಾರೆ.

ಮೆಟ್ಟಿಲೇರುವ ದಾರಿಯಲ್ಲಿ ಗೋಡೆಯಲ್ಲಿ ಪಾರಸಿ ಭಾಷೆಯ ಶಿಲಾಶಾಸನವನ್ನು ಅಳವಡಿಸಲಾಗಿದೆ. ಕಟ್ಟಿಸಿದವನ ಹೆಸರು ಮತ್ತು ಕಾಲವನ್ನು ತಿಳಿಯಲು ಇದೇ ಮುಖ್ಯ ಆಧಾರವಾಗಿದೆ.

ಗೋಪುರದ ನೆತ್ತಿಯು ತೆರೆದ ಅಂಗಳದಂತಿದ್ದು, ಸುತ್ತಲೂ ಕೈಪಿಡಿಗೋಡೆಯಿದೆ. ಮುತ್ತಿಗೆಯ ಕಾಲದಲ್ಲಿ ತೋಪಿನವರು ಪ್ರತಿಯೊಂದಕ್ಕೂ ಕೆಳಗಿಳಿದು ಬರುವುದು ಸಾಧ್ಯವಿಲ್ಲವಾದುದರಿಂದ ಮದ್ದುಗುಂಡುಗಳನ್ನು ಇಡುವ ಸ್ಥಳ ಮತ್ತು ನೀರಿನ ತೊಟ್ಟಿಯ ವ್ಯವಸ್ಥೆಯನ್ನು ಮೇಲೆಯೇ ಮಾಡಲಾಗಿತ್ತು. ನೀರು ಕುಡಿಯುವುದಕ್ಕಷ್ಟೇ ಅಲ್ಲ, ಒಂದರ ಮೇಲೊಂದರಂತೆ ಗುಂಡು ಹಾರಿಸಿ ಕಾದ ತೋಪನ್ನು ತಣ್ಣಗಾಗಿಸಲೂ ಬೇಕಾಗುತ್ತಿತ್ತು. ಇಲ್ಲಿ ವಾಸದ ಕೋಣೆಗಳಾಗಲಿ, ಅಲಂಕಾರದ ಕಮಾನುಗಳಾಗಲಿ ಇಲ್ಲ.

ತೋಪುಗಳು

ಬುರುಜಿನ ಮೇಲೆ ಎರಡು ದೊಡ್ಡ ತೋಪುಗಳಿವೆ. ಇವುಗಳಲ್ಲಿ ದೊಡ್ಡದನ್ನು 'ಲಮ್‌ಛರಿ' ಎಂದು ಕರೆಯುತ್ತಾರೆ. ಬಹುದೂರ ಗುಂಡು ಹಾರಿಸುವಂತಹುದು ಎಂಬ ಅರ್ಥದಲ್ಲಿ ಈ ಹೆಸರು ಬಂದಿದೆ. ಇದರ ಉದ್ದ 30 ಅಡಿ 8 ಅಂಗುಲ (ಸುಮಾರು 9.35 ಮೀ.), ಕೊಳವೆಯ ಒಳವ್ಯಾಸ 12 ಅಂಗುಲ (ಸುಮಾರು 30 ಸೆಂ.ಮೀ.). ಎರಡನೆಯ ತೋಪಿನ ಉದ್ದ 19 ಅಡಿ 10 ಅಂಗುಲ (ಸುಮಾರು 6 ಮೀ.).

ಇವು ಎರಕ ಹೊಯ್ದ ತೋಪುಗಳಲ್ಲ. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಕೊಳವೆಯಾಕಾರದಲ್ಲಿ ಒಂದರ ಪಕ್ಕ ಒಂದನ್ನು ಜೋಡಿಸಿ, ಕಾಯಿಸಿದ ಕಬ್ಬಿಣದ ಬಳೆಗಳನ್ನು ಅವುಗಳ ಮೇಲೆ ಒತ್ತೊತ್ತಾಗಿ ತೊಡಿಸಿ ಬಿಗಿಮಾಡಿ ಇವುಗಳನ್ನು ತಯಾರಿಸಲಾಗಿದೆ. ಬಂಡಿಯ ಮರದ ಚಕ್ರಕ್ಕೆ ಕಮ್ಮಾರನು ಕಬ್ಬಿಣದ ಪಟ್ಟಾ ಹಾಕುವುದನ್ನು ಕಂಡವರಿಗೆ ಈ ವಿಧಾನವು ಸುಲಭವಾಗಿ ಅರ್ಥವಾಗುತ್ತದೆ. ಕಾದು ಹಿಗ್ಗಿದ ಬಳೆಯು ತಣಿದಾಗ ಕುಗ್ಗಿ ಒಳಗಿನ ಪಟ್ಟಿಗಳನ್ನು ಅಪ್ಪಿ ಹಿಡಿಯುತ್ತದೆ. ಒಂದೇ ಎರಕದಲ್ಲಿ ಇಷ್ಟು ಉದ್ದದ ಕಬ್ಬಿಣದ ಕೊಳವೆಯನ್ನು ಪಡೆಯುವುದು ಅಂದು ಸಾಧ್ಯವಿರಲಿಲ್ಲ. ಈ ತೋಪುಗಳು ಕಮ್ಮಾರರ ಕುಶಲತೆಗೆ ಸಾಕ್ಷಿಯಾಗಿವೆ.

ಸಮೀಪದ ಶೇರ್ಜಾ ಬುರುಜಿನಲ್ಲಿರುವ ಮಲಿಕ್-ಎ-ಮೈದಾನ್ ತೋಪಿನೊಡನೆ ಇವುಗಳನ್ನು ಹೋಲಿಸಬಹುದು. ಅದು 1549 ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ಕುಶಲಕರ್ಮಿಯು ಎರಕ ಹೊಯ್ದ ಕಂಚಿನ ತೋಪು. ಅದರ ಉದ್ದ ಸುಮಾರು 14 ಅಡಿ 4 ಅಂಗುಲ, ಕೊಳವೆಯ ಒಳವ್ಯಾಸ 2 ಅಡಿ 4 ಅಂಗುಲ, ತೂಕ ಸುಮಾರು 55 ಟನ್. ಅದರ ಉದ್ದವು ಒಳವ್ಯಾಸದ ಸುಮಾರು 6 ಪಟ್ಟು ಮಾತ್ರ. ಲಮ್‌ಛರಿಯ ಉದ್ದವಾದರೋ ಒಳವ್ಯಾಸದ 30 ಪಟ್ಟಿಗೂ ಹೆಚ್ಚು. ಅಗಲ ಬಾಯಿಯ ಗಿಡ್ಡ ತೋಪು ಸಮೀಪಕ್ಕೆ ಬಂದ ದಂಡಿನ ಮೇಲೆ ಭಾರಿ ಪೆಟ್ಟು ಕೊಡಲು ಸಮರ್ಥ; ಕಿರಿದಾದ ಉದ್ದ ಕೊಳವೆಯ ತೋಪು ದೂರದ ಗುರಿಗೆ ಸೂಕ್ತ. ಆದ್ದರಿಂದಲೇ ಒಂದನ್ನು ಗೋಡೆಯ ಮೇಲೂ ಇನ್ನೊಂದನ್ನು ಎತ್ತರದ ಗೋಪುರದ ಮೇಲೂ ಇರಿಸಿರುವುದು ಅರ್ಥಪೂರ್ಣವಾಗಿದೆ. ಶೇರ್ಜಾ ಬುರುಜು 1671 ರಲ್ಲಿ ನಿರ್ಮಿತವಾಗಿದ್ದು ಉಪ್ಲಿ ಬುರುಜಿಗಿಂತ ಸುಮಾರು 87 ವರ್ಷ ಈಚಿನದು.

ಊರ ಹುಡೆ ಮತ್ತು ಹೊರನಾಡಿನ ಗೋಪುರ ಮನೆಗಳು

ಆಪತ್ತಿನಲ್ಲಿ ಆಸರೆಗಾಗಿ ಎತ್ತರದ ಗೋಪುರ ಕಟ್ಟುವುದು ರಾಜಧಾನಿಗಳಿಗೆ ಮಾತ್ರ ಸೀಮಿತವಾದ ಪದ್ಧತಿಯಾಗಿರಲಿಲ್ಲ. ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಕಲ್ಲು ಮತ್ತು ಮಣ್ಣಿನಿಂದ ಕಟ್ಟಿದ ದುಂಡನೆಯ ಗೋಪುರಗಳು ಇಂದಿಗೂ ಕಂಡುಬರುತ್ತವೆ. ಇವುಗಳನ್ನು ಜನರು 'ಹುಡೆ' ಅಥವಾ 'ಹುಡೇವು' ಎಂದು ಕರೆಯುತ್ತಾರೆ. ದರೋಡೆಕೋರರು ಅಥವಾ ದಂಡು ಬರುವುದನ್ನು ದೂರದಿಂದಲೇ ಕಂಡು ಊರಿಗೆ ಎಚ್ಚರಿಕೆ ನೀಡಲು ಇವು ನೆರವಾಗುತ್ತಿದ್ದವು.

ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್‌ಗಳಲ್ಲಿ ಇದೇ ಅಗತ್ಯವು ಬೇರೆ ರೂಪ ತಾಳಿತು. ಅಲ್ಲಿನ ಜಮೀನುದಾರರು ದಪ್ಪ ಗೋಡೆಯ, ಹಲವು ಅಂತಸ್ತುಗಳ ಗೋಪುರಗಳನ್ನು ಕಟ್ಟಿಕೊಂಡು ಕುಟುಂಬ ಸಮೇತ ಅವುಗಳಲ್ಲಿಯೇ ವಾಸಿಸುತ್ತಿದ್ದರು. ಅಲ್ಲಿ ಗೋಪುರವೇ ಮನೆ, ಮನೆಯೇ ಕೋಟೆ. ಉಪ್ಲಿ ಬುರುಜಿನಲ್ಲಿ ಯಾರೂ ಸಂಸಾರ ಹೂಡಲಿಲ್ಲ. ಅದು ಒಂದು ಮನೆತನದ ರಕ್ಷಣೆಗಾಗಿ ಅಲ್ಲ, ಇಡೀ ನಗರದ ರಕ್ಷಣೆಗಾಗಿ ಕಟ್ಟಿದುದಾಗಿತ್ತು.

1686 ರ ಪತನ

ಇಂತಹ ಗೋಪುರವಿದ್ದೂ ವಿಜಯಪುರವು ಶತ್ರುವಶವಾದುದು ಹೇಗೆ ಎಂಬ ಪ್ರಶ್ನೆ ಸಹಜ. 1685 ರಲ್ಲಿ ಮೊಗಲ್ ಸೈನ್ಯವು ನಗರಕ್ಕೆ ಮುತ್ತಿಗೆ ಹಾಕಿತು. ಮುಂದಿನ ವರ್ಷ ಔರಂಗಜೇಬನು ಸ್ವತಃ ಬಂದು ಮುತ್ತಿಗೆಯನ್ನು ಬಿಗಿಗೊಳಿಸಿದನು. ಒಂದು ವರ್ಷಕ್ಕೂ ಹೆಚ್ಚು ಕಾಲ ಕೋಟೆಯು ತಡೆದುಕೊಂಡಿತು. ಆದರೆ ಒಳಗೆ ಧಾನ್ಯವಿರಲಿಲ್ಲ, ಕುದುರೆಗಳಿಗೆ ಮೇವಿರಲಿಲ್ಲ. ಹೊರಗಿನಿಂದ ಸಹಾಯ ಬರುವ ದಾರಿ ಮುಚ್ಚಿಹೋಗಿತ್ತು. 1686 ರ ಸೆಪ್ಟೆಂಬರ್ ತಿಂಗಳಿನಲ್ಲಿ ಕೊನೆಯ ಸುಲ್ತಾನ ಸಿಕಂದರ್ ಆದಿಲ್ ಷಾ ಶರಣಾದನು. ಔರಂಗಜೇಬನು ಈ ವಿಜಯವನ್ನು ಮಲಿಕ್-ಎ-ಮೈದಾನ್ ತೋಪಿನ ಮೇಲೆಯೇ ಬರೆಯಿಸಿದನು.

ಬುರುಜು ತನ್ನ ಕೆಲಸದಲ್ಲಿ ಸೋತಿತೆಂದು ಇದರಿಂದ ಹೇಳಲಾಗದು. ದೂರದ ಶತ್ರುವನ್ನು ಕಾಣುವುದು ಮತ್ತು ಅವನನ್ನು ಗೋಡೆಯಿಂದ ದೂರವಿಡುವುದು ಅದರ ಕೆಲಸವಾಗಿತ್ತು. ಹಸಿವನ್ನು ದೂರವಿಡುವ ಶಕ್ತಿ ಕಲ್ಲಿಗಾಗಲಿ ಕಬ್ಬಿಣಕ್ಕಾಗಲಿ ಇಲ್ಲ. ಕೋಟೆಯೊಂದರ ಬಲವು ಅದರ ಬುರುಜುಗಳಲ್ಲಿ ಇರುವಷ್ಟೇ ಅದರ ಕಣಜಗಳಲ್ಲಿಯೂ ಇರುತ್ತದೆ ಎಂಬುದಕ್ಕೆ ವಿಜಯಪುರವು ನಿದರ್ಶನವಾಗಿದೆ.

ನಂತರದ ಕಾಲ

ಮೊಗಲರ ನಂತರ ನಗರವು ಹೈದರಾಬಾದಿನ ನಿಜಾಮರಿಗೂ, 1760 ರಲ್ಲಿ ಮರಾಠರಿಗೂ ಸೇರಿತು. 1818 ರಲ್ಲಿ ಪೇಶ್ವೆಯ ಆಡಳಿತ ಕೊನೆಗೊಂಡಾಗ ಸಾತಾರಾ ಸಂಸ್ಥಾನಕ್ಕೆ ಸೇರಿ, 1848 ರಲ್ಲಿ ಆ ಸಂಸ್ಥಾನದೊಂದಿಗೆ ಬ್ರಿಟಿಷರ ವಶವಾಯಿತು. ರಾಜಧಾನಿಯ ಪಟ್ಟ ತಪ್ಪಿದ ಮೇಲೆ ಜನಸಂಖ್ಯೆ ಕುಗ್ಗಿ, ಅರಮನೆಗಳು ಪಾಳುಬಿದ್ದವು.

ಈ ಅವಧಿಯಲ್ಲಿ ಹಳೆಯ ತೋಪುಗಳ ಬೆಲೆಯನ್ನು ಲೋಹದ ತೂಕದಿಂದ ಅಳೆಯುವ ಕಾಲವೂ ಬಂದಿತು. 1854 ರಲ್ಲಿ ಮಲಿಕ್-ಎ-ಮೈದಾನ್ ತೋಪನ್ನೇ ನಿರುಪಯುಕ್ತ ಸಾಮಗ್ರಿಗಳ ಜೊತೆಗೆ ಹರಾಜಿಗಿಡಲಾಗಿದ್ದು, ಅದಕ್ಕೆ ಬಂದ ಬೇಡಿಕೆ ರೂ. 150 ಮಾತ್ರ. ಅಂದರೆ ಟನ್ ಒಂದಕ್ಕೆ 3 ರೂಪಾಯಿಗಿಂತಲೂ ಕಡಿಮೆ. ಬೆಲೆಯು ತೀರ ಅಲ್ಪವೆಂದೂ, ತೋಪಿನ ಬಗ್ಗೆ ಜನರಿಗೆ ಪೂಜ್ಯಭಾವವಿದೆಯೆಂದೂ ಕಂಡುಬಂದುದರಿಂದ ಹರಾಜನ್ನು ರದ್ದುಪಡಿಸಲಾಯಿತು. ಇಂದು ಲಕ್ಷಾಂತರ ಜನರು ನೋಡುವ ಈ ತೋಪು ಅಂದು ಉಳಿದುದು ಹೀಗೆ. ಸ್ಮಾರಕವೊಂದರ ನಿಜವಾದ ಬೆಲೆಯು ಅದರ ಸಾಮಗ್ರಿಯ ಬೆಲೆಯಲ್ಲ ಎಂಬುದನ್ನು ಈ ಪ್ರಸಂಗ ನೆನಪಿಸುತ್ತದೆ.

1885 ರಲ್ಲಿ ಜಿಲ್ಲಾ ಕೇಂದ್ರವು ಕಲಾದಗಿಯಿಂದ ಇಲ್ಲಿಗೆ ವರ್ಗವಾದ ಮೇಲೆ ನಗರಕ್ಕೆ ಮತ್ತೆ ಚೇತನ ಬಂದಿತು. ಪುರಾತತ್ವ ಅಧಿಕಾರಿ ಹೆನ್ರಿ ಕೌಸೆನ್ಸ್ ಅವರು ಇಲ್ಲಿನ ಸ್ಮಾರಕಗಳನ್ನು ಅಳೆದು ಚಿತ್ರಿಸಿ 1916 ರಲ್ಲಿ ಬೃಹತ್ ಗ್ರಂಥವನ್ನು ಪ್ರಕಟಿಸಿದರು. 1956 ರಲ್ಲಿ ಬಿಜಾಪುರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 2014 ರ ನವೆಂಬರ್ 1 ರಿಂದ ನಗರಕ್ಕೆ ವಿಜಯಪುರ ಎಂಬ ಹೆಸರು ಅಧಿಕೃತವಾಯಿತು. ಅದೇ ವರ್ಷ ದಖ್ಖನ್ ಸುಲ್ತಾನರ ಸ್ಮಾರಕಗಳು ಮತ್ತು ಕೋಟೆಗಳ ಸಮೂಹದ ಭಾಗವಾಗಿ ವಿಜಯಪುರದ ಸ್ಮಾರಕಗಳನ್ನು ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ ಸೇರಿಸಲಾಯಿತು.

ಮುಖ್ಯಾಂಶಗಳು

- ಹೆಸರು: ಉಪ್ಲಿ ಬುರುಜು, ಉಪರಿ ಬುರುಜು, ಹೈದರ್ ಬುರುಜು
- ಕಾಲ: ಸುಮಾರು 1583-84, ಎರಡನೆಯ ಇಬ್ರಾಹಿಂ ಆದಿಲ್ ಷಾನ ಆಳ್ವಿಕೆ
- ಕಟ್ಟಿಸಿದವನು: ಸೇನಾನಿ ಹೈದರ್ ಖಾನ್
- ಎತ್ತರ: ಸುಮಾರು 80 ಅಡಿ (24 ಮೀ.)
- ಮೆಟ್ಟಿಲು: ಹೊರಮೈಯನ್ನು ಸುತ್ತಿ ಏರುವ ಕಲ್ಲಿನ ಮೆಟ್ಟಿಲು
- ಶಾಸನ: ಪಾರಸಿ ಭಾಷೆ
- ತೋಪುಗಳು: 2 (ಕಬ್ಬಿಣದ ಪಟ್ಟಿ ಮತ್ತು ಬಳೆಗಳ ಜೋಡಣೆ)

ಸಂರಕ್ಷಣೆ ಮತ್ತು ಸಂದರ್ಶಕರ ಗಮನಕ್ಕೆ

ಬುರುಜಿನ ಮೇಲಿನಿಂದ ಪೂರ್ವಕ್ಕೆ ಗೋಲಗುಮ್ಮಟವನ್ನೂ, ಪಶ್ಚಿಮದ ಕಡೆ ಇಬ್ರಾಹಿಂ ರೋಜಾದ ಮಿನಾರುಗಳನ್ನೂ, ನಗರದ ವಿಸ್ತಾರವನ್ನೂ ನೋಡಬಹುದು. ಆದಿಲ್‌ಶಾಹಿ ನಗರದ ವಿನ್ಯಾಸವನ್ನು ಅರಿಯಲು ಇದು ಅತ್ಯುತ್ತಮ ಸ್ಥಳ. ಮೆಟ್ಟಿಲುಗಳು ಹೊರಬದಿಯಲ್ಲಿರುವುದರಿಂದ ಮಳೆಗಾಲದಲ್ಲಿ ಹಾಗೂ ಮಕ್ಕಳು, ವೃದ್ಧರು ಜೊತೆಗಿರುವಾಗ ಎಚ್ಚರಿಕೆ ವಹಿಸಬೇಕು. ಬೇಸಿಗೆಯಲ್ಲಿ ಬೆಳಗಿನ ವೇಳೆ ಭೇಟಿ ನೀಡುವುದು ಅನುಕೂಲಕರ.

ಈ ಸ್ಮಾರಕದಲ್ಲಿ ಎರಡು ವಸ್ತುಗಳಿಗೆ ವಿಶೇಷ ಕಾಳಜಿ ಅಗತ್ಯ. ಮೊದಲನೆಯದು ಶಿಲಾಶಾಸನ. ಅದರ ಅಕ್ಷರಗಳ ಮೇಲೆ ಹೆಸರು ಕೆತ್ತುವುದು, ಸುಣ್ಣ ಅಥವಾ ಬಣ್ಣ ಬಳಿಯುವುದರಿಂದ ಬುರುಜಿನ ಕಾಲವನ್ನು ತಿಳಿಸುವ ಮುಖ್ಯ ದಾಖಲೆಯೇ ಅಳಿದುಹೋಗುತ್ತದೆ. ಎರಡನೆಯದು ತೋಪುಗಳು. ಬಳೆಗಳ ಸಂದಿನಲ್ಲಿ ಕಸ ತುಂಬಿ ನೀರು ನಿಂತರೆ ಕಬ್ಬಿಣವು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ತೋಪಿನ ಬಾಯಿಯಲ್ಲಿ ಕಾಗದ, ಬಾಟಲಿ ಮುಂತಾದವುಗಳನ್ನು ತುರುಕುವುದನ್ನೂ, ಅವುಗಳ ಮೇಲೆ ಹತ್ತುವುದನ್ನೂ ಕೈಬಿಡಬೇಕು. ಗೋಡೆಯ ಸಂದುಗಳಲ್ಲಿ ಬೇರೂರಿದ ಆಲ, ಅರಳಿಯ ಸಸಿಗಳು ಕಂಡುಬಂದಲ್ಲಿ ಸ್ವತಃ ಕೀಳದೆ ಅಲ್ಲಿನ ಸಿಬ್ಬಂದಿಗೆ ತಿಳಿಸಬೇಕು. ಬೇರನ್ನು ಎಳೆದಾಗ ಕಲ್ಲೂ ಜೊತೆಗೆ ಸಡಿಲವಾಗುತ್ತದೆ.

ರಾಷ್ಟ್ರೀಯ ಮಹತ್ವದ ಸಂರಕ್ಷಿತ ಸ್ಮಾರಕಗಳಿಗೆ 1958 ರ ಪ್ರಾಚೀನ ಸ್ಮಾರಕಗಳು ಹಾಗೂ ಪುರಾತತ್ವ ನಿವೇಶನಗಳು ಮತ್ತು ಅವಶೇಷಗಳ ಅಧಿನಿಯಮವು ಅನ್ವಯಿಸುತ್ತದೆ. 2010 ರ ತಿದ್ದುಪಡಿಯಂತೆ ಇಂತಹ ಸ್ಮಾರಕವನ್ನು ಹಾಳುಗೆಡವಿದವರಿಗೆ 2 ವರ್ಷಗಳವರೆಗೆ ಕಾರಾವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀ. ವರೆಗಿನ ಪ್ರದೇಶವು ನಿರ್ಮಾಣ ನಿಷೇಧಿತ ಪ್ರದೇಶ. ಅದರಾಚೆಗಿನ 200 ಮೀ. ನಿಯಂತ್ರಿತ ಪ್ರದೇಶ. ಸ್ಮಾರಕಗಳ ಸುತ್ತಮುತ್ತ ಮನೆ, ಅಂಗಡಿ ಕಟ್ಟಲು ಅಥವಾ ದುರಸ್ತಿ ಮಾಡಲು ಉದ್ದೇಶಿಸಿರುವ ನಾಗರಿಕರು ಕೆಲಸ ಆರಂಭಿಸುವ ಮೊದಲೇ ಅಗತ್ಯ ಅನುಮತಿಯ ಬಗ್ಗೆ ವಿಚಾರಿಸಿಕೊಳ್ಳುವುದು ಅವರ ಹಿತದೃಷ್ಟಿಯಿಂದಲೇ ಒಳ್ಳೆಯದು. ಈ ನಿಯಮಗಳ ಉದ್ದೇಶ ಸ್ಪಷ್ಟವಾಗಿದೆ. ದೂರದವರೆಗೆ ನೋಡುವುದಕ್ಕಾಗಿಯೇ ಕಟ್ಟಿದ ಬುರುಜಿನ ಸುತ್ತ ಎತ್ತರದ ಕಟ್ಟಡಗಳು ಎದ್ದರೆ ಅದರ ಕಲ್ಲುಗಳು ಉಳಿದರೂ ಅದರ ಅರ್ಥ ಉಳಿಯುವುದಿಲ್ಲ.

ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಮಳೆ, ಬಿಸಿಲು, ಮುತ್ತಿಗೆಗಳನ್ನು ತಾಳಿಕೊಂಡು ಬಂದಿರುವ ಈ ಸ್ಮಾರಕವನ್ನು ಮುಂದಿನ ಪೀಳಿಗೆಗೆ ಯಥಾಸ್ಥಿತಿಯಲ್ಲಿ ಒಪ್ಪಿಸಲು ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.